ನಿಮ್ಮಂಥ ನೂರು ಜನ ಯಾರು?

ಅರವತ್ತು ವರ್ಷದ ಒಬ್ಬ ಗಂಡಸು. ಸಿಗರೇಟು ಸೇದುತ್ತಾನೆ, ಸಕ್ಕರೆ ಕಾಯಿಲೆ ಇಲ್ಲ. ಮೇಲಿನ ಬಿಪಿ 140. ಒಟ್ಟು ಕೊಲೆಸ್ಟರಾಲ್ 5 ಮಿಲಿಮೋಲ್, ಅಂದರೆ ನಮ್ಮೂರ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಸುಮಾರು 193. ಮುಂದಿನ ಹತ್ತು ವರ್ಷದಲ್ಲಿ ಅವನಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಸಂಭವ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ 2019ರ ಚಾರ್ಟುಗಳನ್ನು ಕೇಳಿದರೆ ಒಂದೇ ಉತ್ತರ ಸಿಗೋದಿಲ್ಲ. ಅವನು ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯವನಾದರೆ ಶೇ. 11. ಮಧ್ಯ ಏಷ್ಯಾದವನಾದರೆ ಶೇ. 30. ಅದೇ ವಯಸ್ಸು, ಅದೇ ಬಿಪಿ, ಅದೇ ಸಿಗರೇಟು. ಸೀಮೆ ಬದಲಾಗಿದ್ದಕ್ಕೆ ಅಪಾಯ ಹೆಚ್ಚುಕಡಿಮೆ ಮೂರು ಪಟ್ಟಾಯಿತು.

ಇದು ಚಾರ್ಟಿನ ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಯಾವ ದೇಶದಲ್ಲಿ ಎಷ್ಟು ಜನ ಹೃದಯದ ಕಾಯಿಲೆಯಿಂದ ಸಾಯುತ್ತಾರೆ ಅನ್ನೋದು ಬೇರೆ ಬೇರೆ. ಹಾಗಾಗಿ ಜಗತ್ತನ್ನು 21 ಪ್ರದೇಶಗಳಾಗಿ ಹಂಚಿ, ಒಂದೊಂದಕ್ಕೂ ಒಂದೊಂದು ಚಾರ್ಟ್ ಕೊಟ್ಟರು. ಭಾರತ ದಕ್ಷಿಣ ಏಷ್ಯಾದಲ್ಲಿದೆ. ಯುಎಇ ಉತ್ತರ ಆಫ್ರಿಕ ಮತ್ತು ಮಧ್ಯಪ್ರಾಚ್ಯದ ಚಾರ್ಟಿನಲ್ಲಿದೆ. ಇಲ್ಲಿಂದ ನಮ್ಮ ಪ್ರಶ್ನೆ ಶುರುವಾಗುತ್ತೆ. ಹಾಸನದಲ್ಲೋ ಉಡುಪಿಯಲ್ಲೋ ಹುಟ್ಟಿ, ಹನ್ನೆರಡು ವರ್ಷದಿಂದ ದುಬೈಯಲ್ಲಿ ದುಡಿಯುತ್ತ, ಈಗ ಅಲ್ ಬರ್ಷಾದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ ಮುಂದೆ ಕೂತಿರುವ ಕನ್ನಡಿಗ ಯಾವ ಚಾರ್ಟಿಗೆ ಸೇರಿದವನು? ಮಂಗಳೂರಿನ ವಿಮಾನ ನಾಲ್ಕು ಗಂಟೆಯೊಳಗೆ ಇಲ್ಲಿಗೆ ಬಂದಿಳಿಯುತ್ತೆ. ಅಷ್ಟು ಹೊತ್ತಿನಲ್ಲಿ ಅವನ ರಕ್ತನಾಳ ಬದಲಾಯಿತೇ?

ಇಂಥ ಮುನ್ಸೂಚನೆಯ ಮಾಡೆಲ್‌ಗಳನ್ನು ಕಟ್ಟೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಅವುಗಳ ಬಗ್ಗೆ ನನಗೆ ಭಕ್ತಿಯೂ ಇಲ್ಲ, ತಾತ್ಸಾರವೂ ಇಲ್ಲ. ಒಂದು ಪುಸ್ತಕ ಓದುವಾಗ ಯಾರು ಬರೆದರು, ಯಾರ ಬಗ್ಗೆ ಬರೆದರು, ಯಾರನ್ನು ಹೊರಗಿಟ್ಟರು ಅಂತ ಕೇಳ್ತೀವಲ್ಲ, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕೂತಿರೋ ಈ ಕ್ಯಾಲ್ಕುಲೇಟರುಗಳನ್ನೂ ಹಾಗೇ ಓದಬಹುದು ಅನ್ನೋದು ನನ್ನ ಮಾತು. ಅವೂ ಮನುಷ್ಯರೇ ಬರೆದ ಪಠ್ಯಗಳು. ನಮ್ಮ ಬಗ್ಗೆ ಏನೋ ಹೇಳುತ್ತವೆ. ಹೇಳೋದನ್ನು ಕೇಳಿ ನಾವು ಮಾತ್ರೆ ನುಂಗುತ್ತೇವೆ, ಇಲ್ಲವೇ ನುಂಗದೆ ಬಿಡುತ್ತೇವೆ.

ಮುನ್ನರಿವು ಅಂದರೆ ಏನು

ರೋಗನಿರ್ಣಯ ಅಂದರೆ ಈಗ ಏನಾಗಿದೆ ಅಂತ ಹೇಳೋದು. ಮುನ್ನರಿವು ಅಂದರೆ ಮುಂದೆ ಏನಾಗಬಹುದು ಅಂತ ಹೇಳೋದು. ಈ ಎರಡನೆಯದು ನಮಗೆ ಹೊಸ ವಿದ್ಯೆಯೇನಲ್ಲ. ಆಯುರ್ವೇದದಲ್ಲಿ ರೋಗಗಳನ್ನು ಸುಖಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಅಂತ ವಿಂಗಡಿಸುತ್ತಾರೆ. ಸುಲಭವಾಗಿ ವಾಸಿಯಾಗೋದು, ಕಷ್ಟಪಟ್ಟರೆ ವಾಸಿಯಾಗೋದು, ಔಷಧಿ ಇರುವ ತನಕ ಹದ್ದಿನಲ್ಲಿರೋದು, ಕೈಮೀರಿದ್ದು. ಇದರಲ್ಲಿ ಯಾಪ್ಯ ಅನ್ನೋ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತಿನ ಬಿಪಿ, ಶುಗರ್ ಎಲ್ಲ ಆ ಜಾತಿಯವೇ.

ಹೊಸ ಕಾಲದ ವ್ಯತ್ಯಾಸ ಏನು ಅಂದರೆ, ವೈದ್ಯನ ಅನುಭವದ ಜಾಗಕ್ಕೆ ಎಣಿಕೆ ಬಂತು. 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನಲ್ಲಿ 5,209 ಜನರನ್ನು ಆರಿಸಿ, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಹೃದಯದ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಅಂತ ಬರೆದಿಟ್ಟರು. ಬಿಪಿ, ಕೊಲೆಸ್ಟರಾಲ್, ಸಿಗರೇಟು ಅಂತ ನಾವು ಇವತ್ತು ಬಾಯಿಪಾಠ ಹೇಳೋದೆಲ್ಲ ಬಹುಪಾಲು ಆ ಊರಿನವರು ಕಲಿಸಿದ ಪಾಠ. ಆ ಊರಿನವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅದರಲ್ಲಿ ದೋಷವೇನಿಲ್ಲ, ಯಾವುದಾದರೂ ಒಂದು ಊರಿನಿಂದ ಶುರು ಮಾಡಲೇಬೇಕಲ್ಲ. ಆ ಊರಿನ ಲೆಕ್ಕ ಹಡಗು ಹತ್ತಿ ಬೇರೆ ಊರಿಗೆ ಹೊರಟಾಗ ತೊಂದರೆ ಶುರುವಾಯಿತು.

ಡಾಕ್ಟರು "ನಿಮ್ಮ ಅಪಾಯ ಶೇ. 8" ಅಂತಾರೆ. ಅದರ ಅರ್ಥ ಇಷ್ಟೇ: ನಿಮ್ಮಂಥ ನೂರು ಜನರಲ್ಲಿ ಎಂಟು ಜನಕ್ಕೆ ಹತ್ತು ವರ್ಷದೊಳಗೆ ಆಗುತ್ತೆ. ನೀವು ಆ ಎಂಟರಲ್ಲಿದ್ದೀರೋ ಉಳಿದ ತೊಂಬತ್ತೆರಡರಲ್ಲಿದ್ದೀರೋ ಅಂತ ಮಾಡೆಲ್ಲಿಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ಇದನ್ನು ಬಹಳ ಜನ ಬರೆದಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಆ ವಾಕ್ಯದ ಮೊದಲ ಪದ. ನಿಮ್ಮಂಥ. ಯಾರು ಆ ನೂರು ಜನ?

ಸಾರು ಅದೇ, ಖಾರ ಬೇರೆ

ನಮ್ಮವರಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: "ಅದೆಲ್ಲ ಬಿಳಿಯರ ಲೆಕ್ಕ, ನಮ್ಮ ಮೈಗೆ ಹೊಂದಲ್ಲ." ಈ ಮಾತು ಅರ್ಧ ಮಾತ್ರ ನಿಜ. ಅರ್ಧ ನಿಜವಾದ ಮಾತು ಪೂರ್ತಿ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತೆ.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅನ್ನೋ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಸಿಗರೇಟು, ಕೊಲೆಸ್ಟರಾಲ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ, ವ್ಯಾಯಾಮ, ಮದ್ಯ, ಹೀಗೆ ಒಂಬತ್ತು ಅಂಶಗಳು ಮೊದಲ ಹೃದಯಾಘಾತದ ಬಹುಪಾಲನ್ನು ಎಲ್ಲ ಕಡೆಯೂ ವಿವರಿಸುತ್ತವೆ ಅಂತ ಅದು ತೋರಿಸಿತು. ದಕ್ಷಿಣ ಏಷ್ಯಾದವರನ್ನೇ ಬೇರೆಯಾಗಿ ನೋಡಿದ 2007ರ ವರದಿಯಲ್ಲೂ ಕಾರಣಗಳು ಅವೇ. ಆದರೆ ಒಂದು ವ್ಯತ್ಯಾಸ ಎದ್ದು ಕಂಡಿತು: ನಮ್ಮವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು ಸುಮಾರು 53. ಉಳಿದ ದೇಶಗಳವರಿಗೆ ಸುಮಾರು 59. ಆರು ವರ್ಷ ಮುಂಚೆ.

ಮಾಡೆಲ್ಲಿನ ಭಾಷೆಯಲ್ಲಿ ಹೇಳಬೇಕಾದರೆ ಇಲ್ಲಿ ಎರಡು ಗುಣಗಳಿವೆ. ಒಂದು, ಸಾಲು ಹಚ್ಚುವ ಗುಣ. ಹತ್ತು ಜನರನ್ನು ನಿಲ್ಲಿಸಿ ಇವನಿಗೆ ಹೆಚ್ಚು ಅಪಾಯ, ಇವಳಿಗೆ ಕಡಿಮೆ ಅಂತ ಸರಿಯಾಗಿ ಜೋಡಿಸೋದು. ಇನ್ನೊಂದು, ಅಳತೆಯ ಗುಣ. ಶೇ. 10 ಅಂತ ಹೇಳಿದ ನೂರು ಜನರಲ್ಲಿ ನಿಜಕ್ಕೂ ಹತ್ತೇ ಜನಕ್ಕೆ ಆಯಿತೇ? ಮೊದಲನೆಯದು ಊರು ಬದಲಾದರೂ ಬಹುಮಟ್ಟಿಗೆ ಉಳಿಯುತ್ತೆ. ಎರಡನೆಯದು ಉಳಿಯೋದಿಲ್ಲ. ಸಾರಿಗೆ ಹಾಕೋ ಸಾಮಾನು ಎಲ್ಲ ಕಡೆ ಅದೇ ಬೇಳೆ, ಹುಣಸೆ, ಮೆಣಸಿನಕಾಯಿ. ಖಾರ ಎಷ್ಟು ಅನ್ನೋದು ಮನೆಮನೆಗೂ ಬೇರೆ. ಶೇ. 10 ಅಂತ ಬರೆದ ಕಡೆ ನಿಜಕ್ಕೂ ಶೇ. 20 ಇದ್ದರೆ, ಸಾಲು ಸರಿಯಾಗಿದ್ದರೂ ಮಾತ್ರೆ ಶುರು ಮಾಡಬೇಕಾದವರಲ್ಲಿ ಎಷ್ಟೋ ಜನ ಬರಿಗೈಲಿ ಮನೆಗೆ ಹೋಗುತ್ತಾರೆ. ಆದ್ದರಿಂದ "ಇದು ನಮಗಲ್ಲ" ಅಂತ ಕ್ಯಾಲ್ಕುಲೇಟರನ್ನೇ ಬಿಸಾಡೋದು ದಡ್ಡತನ. ಅಳತೆಯನ್ನು ನಮ್ಮೂರಿಗೆ ತಿದ್ದಿದ್ದೀರಾ ಅಂತ ಕೇಳೋದು ಸರಿಯಾದ ಪ್ರಶ್ನೆ.

"ಇತರೆ" ಅನ್ನೋ ಡಬ್ಬಿ

ಕೇಳಿ ನೋಡೋಣ. ಅಮೆರಿಕದ ಹೃದ್ರೋಗ ಸಂಘಗಳು 2013ರಲ್ಲಿ ಕೊಟ್ಟ ಕ್ಯಾಲ್ಕುಲೇಟರಿನಲ್ಲಿ ಜನಾಂಗಕ್ಕೆ ಮೂರು ಆಯ್ಕೆ ಇತ್ತು: ಬಿಳಿಯ, ಆಫ್ರಿಕನ್ ಅಮೆರಿಕನ್, ಇತರೆ. ನಾವು ಇತರೆ. ಇತರೆ ಒತ್ತಿದರೆ ಒಳಗೆ ಓಡೋದು ಬಿಳಿಯರ ಸಮೀಕರಣವೇ. ಬಾಗಿಲ ಮೇಲೆ ಬೇರೆ ಬೋರ್ಡು, ಒಳಗೆ ಅದೇ ಕೋಣೆ. 2018ರ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲದವರು ಅನ್ನೋದನ್ನು ಅಪಾಯ ಹೆಚ್ಚಿಸುವ ಅಂಶ ಅಂತ ಸೇರಿಸಿದರು. ಎಷ್ಟು ಹೆಚ್ಚಿಸುತ್ತೆ ಅಂತ ಅಂಕಿ ಕೊಡಲಿಲ್ಲ. ಡಾಕ್ಟರೇ ಅಂದಾಜು ಮಾಡಿಕೊಳ್ಳಬೇಕು.

ಬ್ರಿಟನ್ನಿನ ಕ್ಯೂರಿಸ್ಕ್ ಇದಕ್ಕಿಂತ ಪ್ರಾಮಾಣಿಕ. ಅದರ 2017ರ ಆವೃತ್ತಿಯನ್ನು ಸುಮಾರು 79 ಲಕ್ಷ ರೋಗಿಗಳ ದಾಖಲೆಯಿಂದ ಕಟ್ಟಿದ್ದಾರೆ. ಅದರಲ್ಲಿ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಅಂತ ಬೇರೆ ಬೇರೆ ಮನೆಗಳಿವೆ. ಉಳಿದದ್ದೆಲ್ಲ ಸಮನಾಗಿದ್ದರೆ, ಬಿಳಿಯ ಗಂಡಸಿಗಿಂತ ಭಾರತೀಯ ಗಂಡಸಿನ ಅಪಾಯ ಸುಮಾರು 1.3 ಪಟ್ಟು, ಬಾಂಗ್ಲಾದೇಶಿಯದು ಸುಮಾರು 1.7 ಪಟ್ಟು ಅಂತ ಅದು ಲೆಕ್ಕ ಹಾಕುತ್ತೆ. ಒಳ್ಳೆಯದೇ. ಆದರೆ ಆ "ಭಾರತೀಯ" ಯಾರು? ಬ್ರಿಟನ್ನಿನ ಭಾರತೀಯರಲ್ಲಿ ಪಂಜಾಬಿ, ಗುಜರಾತಿ ಮೂಲದವರದೇ ದೊಡ್ಡ ಪಾಲು, ಅದೂ ದಶಕಗಳ ಹಿಂದೆ ಹೋಗಿ ನೆಲೆಸಿದವರು. ಮಂಡ್ಯದ ಮುದ್ದೆ ಉಂಡು ಬೆಳೆದವನು, ಭಟ್ಕಳದ ಮೀನು ಉಂಡವನು, ಸೌತಾಲ್‌ನಲ್ಲಿ ಮೂರನೇ ತಲೆಮಾರಿನ ಪಂಜಾಬಿ, ಮೂವರೂ ಒಂದೇ ಡಬ್ಬಿ. ಸಾಲದ್ದಕ್ಕೆ ಆ ಕ್ಯಾಲ್ಕುಲೇಟರು ನಿಮ್ಮ ಪೋಸ್ಟ್‌ಕೋಡ್ ಕೇಳುತ್ತೆ, ನೀವಿರುವ ಬೀದಿ ಎಷ್ಟು ಬಡತನದ್ದು ಅಂತ ತಿಳಿಯೋಕೆ. ಇಲ್ಲಿ ದುಬೈಯಲ್ಲಿ ನಮಗೆ ಪಿನ್ ಕೋಡೇ ಇಲ್ಲ, ಪಿ.ಒ. ಬಾಕ್ಸ್ ಮಾತ್ರ. ಅದೂ ಹೆಚ್ಚಿನವರಿಗೆ ಕಂಪನಿಯದ್ದು.

2023ರಲ್ಲಿ ಅಮೆರಿಕದವರು ಪ್ರಿವೆಂಟ್ ಅಂತ ಹೊಸದನ್ನು ತಂದರು. ಜನಾಂಗದ ಪ್ರಶ್ನೆಯನ್ನೇ ತೆಗೆದುಹಾಕಿದರು, ಮೂತ್ರಪಿಂಡದ ಲೆಕ್ಕ ಸೇರಿಸಿದರು. ಜನಾಂಗ ಅನ್ನೋದು ಸಮಾಜ ಮಾಡಿದ ವಿಂಗಡಣೆ, ಅದು ರಕ್ತದಲ್ಲಿ ಇರೋದಲ್ಲ ಅನ್ನೋ ಅವರ ವಾದ ನನಗೆ ಒಪ್ಪಿಗೆ. ಆದರೂ ಒಂದು ತೊಡಕು ಉಳಿಯುತ್ತೆ. ಪ್ರಶ್ನೆ ತೆಗೆದುಹಾಕಿದ ಮಾತ್ರಕ್ಕೆ ವ್ಯತ್ಯಾಸ ಹೋಗೋದಿಲ್ಲ, ಅದು ಸರಾಸರಿಯೊಳಗೆ ಸೇರಿಕೊಂಡು ಕಾಣದ ಹಾಗಾಗುತ್ತೆ. ಮೊದಲು "ಇತರೆ" ಅಂತಾದರೂ ನಮ್ಮನ್ನು ಕರೆಯುತ್ತಿದ್ದರು.

ಇನ್ನು ನಾನು ಆರಂಭದಲ್ಲಿ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟು. ಅದರ ಹಿಂದಿನ ಕೆಲಸ ದೊಡ್ಡದು: 85 ಅಧ್ಯಯನಗಳ 3.76 ಲಕ್ಷ ಜನರ ಮಾಹಿತಿಯಿಂದ ಸಾಲು ಕಲಿತು, ಆಯಾ ಪ್ರದೇಶದ ಕಾಯಿಲೆಯ ಪ್ರಮಾಣಕ್ಕೆ ಅಳತೆ ತಿದ್ದಿದ್ದಾರೆ. ಬಡ ದೇಶದ ಆರೋಗ್ಯ ಕೇಂದ್ರದಲ್ಲೂ ಬಳಸಲಿ ಅಂತ, ರಕ್ತಪರೀಕ್ಷೆ ಬೇಡದ ಒಂದು ಚಾರ್ಟನ್ನೂ ಕೊಟ್ಟಿದ್ದಾರೆ. ಆದರೆ ಅದು ಊಹಿಸಿಕೊಂಡ ಮನುಷ್ಯ ಹುಟ್ಟಿದ ಸೀಮೆಯಲ್ಲೇ ಬಾಳಿ ಅಲ್ಲೇ ಸಾಯುವವನು. ಯುಎಇಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನಿಂದ ಬಂದವರು. ಬರುವಾಗಲೇ ಮೆಡಿಕಲ್ ದಾಟಿ ಬಂದ ಗಟ್ಟಿಮುಟ್ಟಾದ ವಯಸ್ಸಿನವರು. ಆರೋಗ್ಯ ಕೆಟ್ಟರೆ, ಕೆಲಸ ಹೋದರೆ, ವಯಸ್ಸಾದರೆ ಊರಿಗೆ ವಾಪಸ್. ಅವರ ಹೃದಯಾಘಾತ ಎಷ್ಟೋ ಸಲ ಇಲ್ಲಿನ ಪುಸ್ತಕದಲ್ಲಿ ದಾಖಲಾಗೋದೇ ಇಲ್ಲ. ಊರಿನ ಪುಸ್ತಕದಲ್ಲಿ ದಾಖಲಾದರೂ ಅಲ್ಲಿ ಗಲ್ಫಿನ ಹನ್ನೆರಡು ವರ್ಷ ಕಾಣೋದಿಲ್ಲ. ನಾವು ಎರಡು ಪುಸ್ತಕದ ನಡುವಿನ ಬಿಳಿ ಜಾಗದಲ್ಲಿ ಬದುಕುತ್ತಿದ್ದೇವೆ.

ವಯಸ್ಸಿನ ಮೋಸ, ಛೇದದ ಮೋಸ

ಈ ಎಲ್ಲ ಕ್ಯಾಲ್ಕುಲೇಟರುಗಳಲ್ಲೂ ಅತಿ ಭಾರದ ಅಂಶ ವಯಸ್ಸು. 36ರ ವಯಸ್ಸಿನವನಿಗೆ ಬಿಪಿ ಇರಲಿ, ಸಿಗರೇಟು ಇರಲಿ, ಹತ್ತು ವರ್ಷದ ಅಪಾಯ ಬಹುತೇಕ ಸಣ್ಣದಾಗಿಯೇ ಬರುತ್ತೆ. 2013ರ ಅಮೆರಿಕದ್ದು 40 ಆಗದವರನ್ನು ಒಳಗೇ ಬಿಡೋದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯದೂ 40ರಿಂದಲೇ ಶುರು. ದುಬೈಯ ಕನ್ನಡಿಗರಲ್ಲಿ ದೊಡ್ಡ ಪಾಲು ಮೂವತ್ತು ನಲವತ್ತರ ಆಸುಪಾಸಿನವರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯವರು 40ರ ಒಳಗಿನ ಹೃದ್ರೋಗಿಗಳಿಗಾಗಿಯೇ 2017ರಲ್ಲಿ ಒಂದು ದಾಖಲಾತಿ ಶುರು ಮಾಡಿದರು ಅನ್ನೋದು ನೆನಪಿರಲಿ. ಅಂದರೆ ಕ್ಯಾಲ್ಕುಲೇಟರು ಬಾಗಿಲು ತೆರೆಯುವ ಮೊದಲೇ ನಮ್ಮೂರ ಆಸ್ಪತ್ರೆಯ ಬಾಗಿಲಿಗೆ ಜನ ಬರುತ್ತಿದ್ದಾರೆ. ಇದಕ್ಕೆ ಮದ್ದೂ ಇದೆ. ಹತ್ತು ವರ್ಷದ ಬದಲು ಮೂವತ್ತು ವರ್ಷದ ಅಪಾಯ ಕೇಳೋದು. ಪ್ರಿವೆಂಟ್‌ನಲ್ಲಿ ಅದು ಸಿಗುತ್ತೆ. ಕೇಳುವವರು ಕಡಿಮೆ.

ಮಾಡೆಲ್ ಸುಮ್ಮನಿದ್ದ ಕಡೆ ಭಯ ಮಾತಾಡುತ್ತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರ ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿಯಾಯಿತು. ಅವರಲ್ಲಿ ಎಳೆ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವವೇ ಸಾಲು. ಇಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಲಸಿಕೆಯ ಮೇಲೆ ಆರೋಪ.

ಶಾಲೆಯಲ್ಲಿ ಭಿನ್ನರಾಶಿ ಕಲಿತಾಗ ಮೇಲಿನದನ್ನು ಅಂಶ, ಕೆಳಗಿನದನ್ನು ಛೇದ ಅಂದಿದ್ದರು. ಹಾಸನದ ಸುದ್ದಿಯಲ್ಲಿ ಅಂಶ ಇತ್ತು, ಛೇದ ಇರಲಿಲ್ಲ. 2011ರ ಜನಗಣತಿಯಲ್ಲೇ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷ ದಾಟಿತ್ತು. ಸಾವಿರಕ್ಕೆ ವರ್ಷಕ್ಕೆ ಆರು ಸಾವು ಅಂತ ಕಡಿಮೆಯಾಗೇ ಹಿಡಿಯಿರಿ. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಭಾರತದಲ್ಲಿ ಸುಮಾರು ಕಾಲು ಭಾಗ ಸಾವು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ. ಹಾಗಾದರೆ ಯಾವುದೇ 40 ದಿನದಲ್ಲಿ ಆ ಜಿಲ್ಲೆಯಲ್ಲಿ ಇಂಥ ಸಾವು ಇನ್ನೂರೈವತ್ತು ದಾಟಬೇಕು. ಸುದ್ದಿಯಾದದ್ದು ಅದರ ಒಂದು ಚೂರು. ಜಯದೇವದ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಅಸಹಜ ಏರಿಕೆ ಕಂಡಿಲ್ಲ ಅಂದಿತು.

ಅಲ್ಲಿಗೆ ಸಮಾಧಾನ ಆಗಬೇಕೇ? ನನಗಂತೂ ಆಗಲಿಲ್ಲ. ನನ್ನ ಇನ್ನೂರೈವತ್ತರ ಲೆಕ್ಕದಲ್ಲಿ ಬಹುಪಾಲು ವಯಸ್ಸಾದವರು. ಜನ ಹೆದರಿದ್ದು ಎಳೆಯರ ಸಾವಿಗೆ. ಅದಕ್ಕೆ ಬೇಕಾದ ಛೇದ ಸಿಗಬೇಕಾದರೆ ಮನೆಯಲ್ಲಿ, ಹೊಲದಲ್ಲಿ, ಆಟೋದಲ್ಲಿ ದಿಢೀರ್ ಆಗುವ ಪ್ರತಿ ಸಾವನ್ನೂ ಎಣಿಸಬೇಕು, ಕಾರಣ ನೋಡಬೇಕು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ರಾಜ್ಯ ಸರಕಾರ ಆಗ ಹೇಳಿದ್ದು ಅದಕ್ಕೇ ಮುಖ್ಯ. ಹತ್ತು ವರ್ಷ ಹಾಗೆ ನಿಷ್ಠೆಯಿಂದ ಎಣಿಸಿದರೆ, ಕನ್ನಡ ನಾಡಿಗೆ ತನ್ನದೇ ಆದ ನೂರು ಜನ ಸಿಗುತ್ತಾರೆ.

ಮೈಸೂರಿನ ಹಳೆಯ ಪುಸ್ತಕಗಳು

ನಮ್ಮಲ್ಲಿ ಎಣಿಸಿದವರೇ ಇಲ್ಲ ಅಂದುಕೊಳ್ಳಬೇಡಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರಿನವರು ಮಿಷನ್ ಆಸ್ಪತ್ರೆ ಅಂತಾರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, ಅದರಲ್ಲಿದ್ದ ಕೂಸುಗಳನ್ನು ಹುಡುಕಿಕೊಂಡು ಹೊರಟರು. ಅವರು ಆಗ ನಡುವಯಸ್ಸಿನವರಾಗಿದ್ದರು. 517 ಜನ ಪರೀಕ್ಷೆಗೆ ಸಿಕ್ಕಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಹೃದ್ರೋಗ ಶೇ. 11. ಮೂರು ಕಿಲೋ ನೂರು ಗ್ರಾಂ ಅಥವಾ ಹೆಚ್ಚು ಇದ್ದವರಲ್ಲಿ ಶೇ. 3.

517 ಸಣ್ಣ ಸಂಖ್ಯೆ, ಒಂದೇ ಊರು, ಮತ್ತು ಜೊತೆಯಲ್ಲಿ ಕಂಡದ್ದೆಲ್ಲ ಕಾರಣ ಅಲ್ಲ. ಈ ಎಚ್ಚರಿಕೆ ಬೇಕು. ಆದರೂ ನನ್ನನ್ನು ತಡೆದು ನಿಲ್ಲಿಸೋದು ಬೇರೆ ಸಂಗತಿ. ನಾನು ಮೇಲೆ ಹೆಸರಿಸಿದ ಒಂದು ಕ್ಯಾಲ್ಕುಲೇಟರೂ ಹುಟ್ಟಿದಾಗಿನ ತೂಕ ಕೇಳೋದಿಲ್ಲ. ಬಸುರಿಯಾಗಿದ್ದಾಗ ತಾಯಿ ಸರಿಯಾಗಿ ಉಂಡಿದ್ದಳೇ ಅಂತ ಕೇಳೋದಿಲ್ಲ. ಕೇಳಿದ್ದರೂ ಉತ್ತರ ಯಾರ ಹತ್ತಿರ ಇದೆ? ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ನಮ್ಮ ಅಪ್ಪ ಅಮ್ಮಂದಿರ ತೂಕ ಯಾರೂ ನೋಡಿರಲಿಲ್ಲ. ಮಾಡೆಲ್ಲಿಗೆ ಯಾವುದು ಮುಖ್ಯ ಅಂತ ಅನ್ನಿಸುತ್ತೆ ಅನ್ನೋದನ್ನು ಎಷ್ಟೋ ಸಲ ಜೀವಶಾಸ್ತ್ರ ನಿರ್ಧರಿಸೋದಿಲ್ಲ, ಗುಮಾಸ್ತ ಏನು ಬರೆದಿಟ್ಟ ಅನ್ನೋದು ನಿರ್ಧರಿಸುತ್ತೆ. ನೀವು ಇಲ್ಲಿ ಹುಟ್ಟಿ ಬೆಳೆದ ಮಕ್ಕಳಾದರೆ ನಿಮ್ಮ ತೂಕ ಎಲ್ಲೋ ದಾಖಲಾಗಿದೆ. ಒಮ್ಮೆ ಅಮ್ಮನನ್ನು ಕೇಳಿ. ಜೊತೆಗೆ ಅಮ್ಮನದ್ದನ್ನೂ ಕೇಳಿ, ಉತ್ತರ ಬಂದರೆ ಬರೆದಿಟ್ಟುಕೊಳ್ಳಿ.

ಎಂಜಿನ್ನಿಗೆ ಕೇಳುವ ಪ್ರಶ್ನೆ

ಇದೇ ದುಬೈಯಲ್ಲಿ ಮುನ್ನರಿವಿನ ಇನ್ನೊಂದು ಲೋಕ ಇದೆ. ವಿಮಾನದ ಜೆಟ್ ಎಂಜಿನ್ ಇನ್ನೆಷ್ಟು ದಿನ ಬಾಳುತ್ತೆ ಅಂತ ಲೆಕ್ಕ ಹಾಕುವ ಎಂಜಿನಿಯರುಗಳ ಲೋಕ. ಅವರಿಗೆ ಬಹಳ ಹಿಂದೆಯೇ ಒಂದು ಸತ್ಯ ಗೊತ್ತಾಯಿತು. ಗಲ್ಫಿನ ಗಾಳಿಯಲ್ಲಿರೋ ಸಣ್ಣ ಧೂಳು ಎಂಜಿನ್ನಿನ ಬಿಸಿ ಭಾಗಕ್ಕೆ ಹೋಗಿ ಕರಗಿ, ಗಾಜಿನ ಹಾಗೆ ಬ್ಲೇಡುಗಳಿಗೆ ಅಂಟುತ್ತೆ, ತಂಪು ಮಾಡುವ ಸಣ್ಣ ರಂಧ್ರಗಳನ್ನು ಮುಚ್ಚುತ್ತೆ. ಹಾಗಾಗಿ ಯುರೋಪಿನಲ್ಲಿ ಹಾರುವ ಎಂಜಿನ್ನಿಗಿಂತ ಇಲ್ಲಿ ಹಾರುವ ಅದೇ ಎಂಜಿನ್ ಬೇಗ ರಿಪೇರಿಗೆ ಇಳಿಯುತ್ತೆ. ಯುರೋಪಿನ ಅಳತೆ ಇಲ್ಲಿ ನಡೆಯೋದಿಲ್ಲ ಅಂತ ಗೊತ್ತಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಬೋಯಿಂಗ್ 777ಎಕ್ಸ್‌ಗಾಗಿ ಮಾಡಿದ ಜಿಇ9ಎಕ್ಸ್ ಎಂಜಿನ್ನಿಗೆ ಜಿಇ ಕಂಪನಿಯವರು ಧೂಳು ಉಣ್ಣಿಸಿಯೇ ಪರೀಕ್ಷೆ ಮಾಡಿದರು. ಎಂಜಿನ್ನಿಗೆ ಒಂದು ನಂಬರು ಇರುತ್ತೆ, ಅದು ಎಷ್ಟು ಸಲ ಏರಿತು ಇಳಿಯಿತು, ಯಾವ ಊರಿನ ಗಾಳಿ ಕುಡಿಯಿತು ಅನ್ನೋದೆಲ್ಲ ಆ ನಂಬರಿನ ಜೊತೆ ಹೋಗುತ್ತೆ. ದೇಶ ಬದಲಾದರೆ ದಾಖಲೆ ಹಿಂದೆ ಬೀಳೋದಿಲ್ಲ.

ಅದೇ ಧೂಳಿನಲ್ಲಿ ಉಸಿರಾಡುತ್ತ ಆ ಎಂಜಿನ್ನಿನ ಕೆಳಗೆ ನಿಂತು ಕೆಲಸ ಮಾಡುವ ಮನುಷ್ಯನಿಗೆ ಈ ಉಪಚಾರ ಇಲ್ಲ. ನೀನು ಎಲ್ಲಿ ಹುಟ್ಟಿದೆ, ಎಷ್ಟು ವರ್ಷದಿಂದ ಇಲ್ಲಿದ್ದೀಯ, ರಾತ್ರಿ ಪಾಳಿ ಎಷ್ಟು, ಕ್ಯಾಂಪಿನಲ್ಲಿ ಏನು ಉಣ್ತೀಯ ಅಂತ ಯಾವ ಕ್ಯಾಲ್ಕುಲೇಟರೂ ಕೇಳೋದಿಲ್ಲ. ವೀಸಾ ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ ತೆಗೆಯುತ್ತಾರೆ, ಎಚ್‌ಐವಿಗೆ ರಕ್ತ ನೋಡುತ್ತಾರೆ. ಇನ್ನೊಬ್ಬರಿಗೆ ಹರಡುವ ಕಾಯಿಲೆ ಇದೆಯೇ ಅನ್ನೋದು ಅಲ್ಲಿನ ಪ್ರಶ್ನೆ. ಅವನೊಬ್ಬನನ್ನೇ ಕೊಲ್ಲುವ ಕಾಯಿಲೆ ಆ ಪರೀಕ್ಷೆಯ ವಿಷಯವಲ್ಲ.

ಎಂಜಿನಿಯರುಗಳಿಗೂ ಒಂದು ಕಷ್ಟ ಇದೆ, ಅದನ್ನು ವೈದ್ಯರು ಕಲಿಯಬೇಕು. ಎಂಜಿನ್ ಕೆಡುವ ತನಕ ಯಾರೂ ಓಡಿಸೋದಿಲ್ಲ, ಮುಂಚೆಯೇ ಇಳಿಸಿಬಿಡುತ್ತಾರೆ. ಹಾಗಾಗಿ "ಕೆಡುವ ತನಕ ಓಡಿಸಿದ" ದಾಖಲೆ ಸಿಗೋದು ಅಪರೂಪ. ಈ ವಿದ್ಯೆ ಕಲಿಯುವವರೆಲ್ಲ ಅಭ್ಯಾಸ ಮಾಡುವ ನಾಸಾದ 2008ರ ಪ್ರಸಿದ್ಧ ದತ್ತಾಂಶ ಕೂಡ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಎಂಜಿನ್ನುಗಳದ್ದು. ಮನುಷ್ಯರ ದಾಖಲೆಯಲ್ಲೂ ಇದೇ ಆಗುತ್ತೆ, ಆದರೆ ಕಣ್ಣಿಗೆ ಬೀಳೋದಿಲ್ಲ. ರಿಚ್ ಕರುವಾನಾ ಅನ್ನೋ ಸಂಶೋಧಕರು 2015ರಲ್ಲಿ ಬರೆದ ಒಂದು ಪ್ರಸಂಗ ನೋಡಿ. ನ್ಯುಮೋನಿಯಾ ರೋಗಿಗಳಲ್ಲಿ ಯಾರು ಸಾಯಬಹುದು ಅಂತ ಹೇಳುವ ಮಾಡೆಲ್ಲು, ಆಸ್ತಮಾ ಇರೋರಿಗೆ ಅಪಾಯ ಕಡಿಮೆ ಅಂತ ಕಲಿತಿತ್ತು. ಯಾಕೆ? ಆಸ್ತಮಾ ಇರೋರು ಬಂದ ಕೂಡಲೇ ಡಾಕ್ಟರುಗಳು ಐಸಿಯುಗೆ ಸೇರಿಸುತ್ತಿದ್ದರು, ಅವರು ಬದುಕುತ್ತಿದ್ದರು. ಮಾಡೆಲ್ಲಿನ ಮಾತು ಕೇಳಿ ಅವರನ್ನು ಮನೆಗೆ ಕಳಿಸಿದ್ದರೆ ಗತಿ ಏನು? ಲೆಕ್ಕ ಪಕ್ಕಾ ಇತ್ತು. ಅದು ಎಣಿಸಿದ್ದು ಕಾಯಿಲೆಯ ಫಲವನ್ನಲ್ಲ, ಕಾಯಿಲೆ ಮತ್ತು ಚಿಕಿತ್ಸೆ ಎರಡೂ ಸೇರಿದ ಫಲವನ್ನು. ಯಾಪ್ಯ ಅನ್ನೋ ಪದ ನೆನಪಿಡಿ ಅಂದಿದ್ದು ಇದಕ್ಕೇ. ಔಷಧಿಯಿಂದ ಹದ್ದಿನಲ್ಲಿರೋನನ್ನು ನೋಡಿ ಇವನಿಗೆ ಅಪಾಯ ಇಲ್ಲ ಅಂದುಕೊಂಡು ಔಷಧಿ ನಿಲ್ಲಿಸಿದರೆ ಏನಾಗುತ್ತೆ ಅಂತ ಹಳೆಯ ವೈದ್ಯರಿಗೆ ಗೊತ್ತಿತ್ತು.

ಗೊತ್ತಿದ್ದೂ ಮಾಡದಿದ್ದರೆ

ಮುನ್ನರಿವು ಒಳ್ಳೆಯದಿದ್ದರೆ ಸಾಕೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ಬೆಳೆಗೆ ಇಟ್ಟಿದ್ದ ನೀರು ನದಿಪಾಲಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದು ದೊಡ್ಡ ಸಾಹಸ. ಆಮೇಲೆ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಬೇಕು ಅಂದಿತು. ಆ ಗೇಟುಗಳಿಗೆ ಆಗಲೇ 70 ವರ್ಷ ದಾಟಿತ್ತು. ಎಪ್ಪತ್ತು ವರ್ಷ ನೀರಲ್ಲಿ ನಿಂತ ಕಬ್ಬಿಣ ಸವೆದಿರುತ್ತೆ ಅಂತ ಹೇಳೋಕೆ ಎಐ ಬೇಕಿರಲಿಲ್ಲ, ಕ್ಯಾಲೆಂಡರ್ ಸಾಕಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆ ಹೊಸಪೇಟೆಯ ಹತ್ತಿರದಲ್ಲೇ ಮತ್ತೊಮ್ಮೆ ನಿಜವಾಯಿತು.

ಆದ್ದರಿಂದ ಒಂದು ಮಾಡೆಲ್ಲನ್ನು ವಿಮರ್ಶೆ ಮಾಡುವಾಗ ಅದು ಎಷ್ಟು ಸರಿ ಅನ್ನೋದರ ಜೊತೆಗೆ, ಅದು ಹೇಳಿದ ಮೇಲೆ ಯಾರು ಏನು ಮಾಡ್ತಾರೆ ಅನ್ನೋದನ್ನೂ ಕೇಳಬೇಕು. ಕರ್ನಾಟಕದಲ್ಲಿ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಿಂದ ಓದಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿ ಯಂತ್ರದ ಮಾತಿಗೂ ಸೂಜಿಗೂ ನಡುವೆ ಅಂತರ ಕಡಿಮೆ. ಅದು ನನಗೆ ಮಾದರಿ ಅನ್ನಿಸುತ್ತೆ. ಕಂಪನಿಯ ಹೆಲ್ತ್ ಕ್ಯಾಂಪಿನಲ್ಲಿ ಬಣ್ಣಬಣ್ಣದ ವರದಿ ಕೊಟ್ಟು "ಮಧ್ಯಮ ಅಪಾಯ" ಅಂತ ಬರೆದು ಕಳಿಸೋದು, ಆಮೇಲೆ ಯಾರೂ ಫೋನ್ ಮಾಡದೆ ಇರೋದು, ಮಾದರಿಯಲ್ಲ. ಕೆಲಸಕ್ಕೂ ವೀಸಾಕ್ಕೂ ಗಂಟು ಬಿದ್ದಿರುವ ಊರಿನಲ್ಲಿ ಆ ವರದಿ ಯಾರ ಕೈಗೆ ಹೋಗುತ್ತೋ ಅಂತ ಕ್ಯಾಂಪಿಗೇ ಹೋಗದವರೂ ಇದ್ದಾರೆ. ಆ ಭಯವನ್ನು ಕಳೆಯದೆ ಮಾಡೆಲ್ಲನ್ನು ಎಷ್ಟು ಚೂಪು ಮಾಡಿದರೂ ಅಪಾಯ ಹೆಚ್ಚಿರೋರೇ ಹೊರಗುಳಿಯುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಲೆಕ್ಕದ ಪಕ್ಷವೇ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ 1954ರಲ್ಲೇ ತೋರಿಸಿದ ಹಾಗೆ, ಸರಳವಾದ ಲೆಕ್ಕ ಕೂಡ ಬಹಳ ಸಲ ಪರಿಣತರ ಅಂದಾಜಿಗೆ ಸಮ, ಕೆಲವು ಸಲ ಮೇಲು. ತೆಳ್ಳಗಿರೋ ಮೂವತ್ತೆಂಟರ ಹುಡುಗನನ್ನು ನೋಡಿ "ನಿಂಗೇನಪ್ಪಾ ಆಗುತ್ತೆ" ಅನ್ನೋದೂ ಒಂದು ಮಾಡೆಲ್ಲೇ. ಎಲ್ಲೂ ಬರೆಯದ, ಯಾರೂ ಪರೀಕ್ಷೆ ಮಾಡದ ಮಾಡೆಲ್ಲು. ಬರೆದ ಲೆಕ್ಕವನ್ನಾದರೂ ತಿದ್ದಬಹುದು.

ತಿದ್ದೋ ಕೆಲಸದಲ್ಲಿ ನಮ್ಮ ಪಾಲೂ ಇದೆ. ಮುಂದಿನ ಸಲ ಯಾರಾದರೂ ನಿಮಗೊಂದು ಶೇಕಡಾ ಹೇಳಿದರೆ, ಇದು ಯಾವ ಕ್ಯಾಲ್ಕುಲೇಟರು ಅಂತ ಹೆಸರು ಕೇಳಿ. ಎಷ್ಟು ವರ್ಷದ ಅಪಾಯ, ಹತ್ತೋ ಮೂವತ್ತೋ ಕೇಳಿ. ಭಾರತದವನು ಅಂತ ಲೆಕ್ಕಕ್ಕೆ ಹಿಡಿದರೋ ಇಲ್ಲಿಯವನು ಅಂತ ಹಿಡಿದರೋ ಕೇಳಿ. ಎರಡೂ ಥರ ಹಾಕಿಸಿ, ಎರಡು ಅಂಕಿಯ ನಡುವಿನ ಅಂತರ ನೋಡಿ. ಆ ಅಂತರ ಮಾತ್ರೆ ಬೇಕು ಬೇಡ ಅನ್ನೋದನ್ನು ಬದಲಿಸುವಷ್ಟು ದೊಡ್ಡದಿದ್ದರೆ, ಒಂದು ಅಂಕಿ ಹಿಡಿದು ನಿರ್ಧಾರ ಮಾಡಬೇಡಿ, ಡಾಕ್ಟರ ಜೊತೆ ಕೂತು ಮಾತಾಡಿ. ಮನೆಯಲ್ಲಿ ಐವತ್ತರ ಒಳಗೆ ಯಾರಿಗಾದರೂ ಎದೆನೋವು ಬಂದು ಹೋಗಿದ್ದರೆ ಅದನ್ನು ಅವರು ಕೇಳದಿದ್ದರೂ ಹೇಳಿ. ಊರಿಗೆ ವಾಪಸ್ ಹೋಗುವಾಗ ಇಲ್ಲಿನ ರಿಪೋರ್ಟುಗಳನ್ನು ಕಸದ ಬುಟ್ಟಿಗೆ ಹಾಕದೆ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ, ಅಲ್ಲಿನ ಡಾಕ್ಟರಿಗೆ ತೋರಿಸಿ. ಎಂಜಿನ್ನಿನ ಜೊತೆ ಅದರ ದಾಖಲೆ ಹೋಗುವ ಹಾಗೆ ನಿಮ್ಮ ಜೊತೆ ನಿಮ್ಮ ದಾಖಲೆಯೂ ಹೋಗಲಿ.